ಬಿಸಿಲಿಗೆ ಒಣಹಾಕಿದ ಪಂಕ್ ರಾಕ್

ನಾನು ಒಂದು ಕೆಲಸಕ್ಕೆ ಕೈ ಹಾಕಿದೆನೆಂದರೆ ಮುಗಿಯಿತು! ಈ ಮಾತನ್ನು ನಾನು ಎದೆಯುಬ್ಬಿಸಿ ಹೇಳುತ್ತೇನೆ. ನನ್ನ ಹೆಂಡತಿ ಗ್ಲೆನಿಸ್ ಇದೇ ಮಾತನ್ನು ಹಣೆ ಚಚ್ಚಿಕೊಂಡು ಹೇಳುತ್ತಾಳೆ.

ನಮ್ಮ ಅತ್ತೆ ಡಲ್ಸಿಗೆ ತೊಂಬತ್ತು ತುಂಬುವುದರಲ್ಲಿತ್ತು. ಏನು ಉಡುಗೊರೆ ಬೇಕೆಂದು ಕೇಳಿದ್ದಕ್ಕೆ ಶಾಲು ಬೇಡ, ಸೋಫಾ ಬೇಡ ಎಂದವರು, ಕೊನೆಗೆ ಹೇಳಿದರು: "ಕೆಲ್ವಿನ್ ಹಾಡಿದ್ನಲ್ಲ, ಆ ರೆಕಾರ್ಡು. ಅದನ್ನ ಒಂದ್ಸಲ ಹಾಕಿ. ಅವನ ದನಿ ಕೇಳ್ಬೇಕು ಅನ್ನಿಸ್ತಿದೆ."

ಕೆಲ್ವಿನ್ ಅವರ ಮಗ, ಗ್ಲೆನಿಸ್‌ಳ ತಮ್ಮ, ನನ್ನ ಜೀವದ ಗೆಳೆಯ. ಹೋದ ಚಳಿಗಾಲದಲ್ಲಿ ತೀರಿಕೊಂಡ.

"ಚಿಂತೆ ಬಿಡಿ ಡಲ್ಸಿ! ಆ ರೆಕಾರ್ಡು ಮೊದಲ ದಿನ ಹೇಗೆ ಕೇಳಿಸ್ತಿತ್ತೋ ಹಾಗೇ ಕೇಳಿಸ್ತೀನಿ. ಇದು ನೆವಿಲ್ ಕೊಡೋ ಮಾತು!" ಎಂದು ನಾನು ಮೇಜು ಗುದ್ದಿದೆ. ಮೇಜಿನ ಮೇಲಿದ್ದ ಚಹಾ ಚೆಲ್ಲಿತು.

ನಮ್ಮ ಪಂಕ್ ರಾಕ್ ಬ್ಯಾಂಡಿನ ವೈಭವವನ್ನು ಇಲ್ಲಿ ಸ್ವಲ್ಪ ಹೇಳಲೇಬೇಕು. ಹೆಸರು 'ಚಪ್ಪಟೆ ಕಪ್ಪೆಗಳು'. ಮಳೆ ಬಂದ ಮರುದಿನ ಬ್ರಿಸ್ಬೇನಿನ ಯಾವ ರಸ್ತೆಗೆ ಹೋದರೂ ಈ ಹೆಸರಿನ ಅರ್ಥ ತಿಳಿಯುತ್ತದೆ. ಕೆಲ್ವಿನ್ ಗಿಟಾರ್ ಹಿಡಿದು ಅರಚುತ್ತಿದ್ದ, ಗ್ಲೆನಿಸ್ ಡ್ರಮ್ಸ್ ಬಡಿಯುತ್ತಿದ್ದಳು, ನಾನು ಬೇಸ್ ಗಿಟಾರ್. ಡಲ್ಸಿಯ ಮನೆ ಇಲ್ಲಿನ ಹಳೇ ಮನೆಗಳಂತೆ ಎತ್ತರದ ಮರದ ಕಂಬಗಳ ಮೇಲೆ ನಿಂತಿದೆ. ಮೇಲೆ ಅವರು ಸಂಸಾರ ನಡೆಸುತ್ತಿದ್ದರು, ಕೆಳಗೆ ಕಂಬಗಳ ನಡುವೆ ನಾವು ಸರ್ಕಾರ ಉರುಳಿಸುತ್ತಿದ್ದೆವು! ಸರ್ಕಾರ ಉರುಳಲಿಲ್ಲ. ಆದರೆ ಒಂದು ರೆಕಾರ್ಡು ಹೊರಬಂತು. ಅದರ ಕವರುಗಳನ್ನು ನಾವೇ ಕತ್ತರಿಸಿ, ಮೈದಾ ಗೋಂದು ಹಚ್ಚಿ ಅಂಟಿಸಿದ್ದೆವು. ಅರ್ಧವನ್ನು ಜಿರಲೆ ತಿಂದವು, ಉಳಿದದ್ದನ್ನು ನೆರೆ ಒಯ್ದಿತು. ನಮ್ಮ ಮನೆಯ ಕಪಾಟಿನ ಮೇಲೆ ಉಳಿದದ್ದು ಒಂದೇ ಒಂದು.

ಈಗ ಎಲ್ಲ ಹಾಡೂ ಫೋನಿನಲ್ಲೇ ಸಿಗುತ್ತದಲ್ಲ ಎಂದು ನೀವು ಕೇಳಬಹುದು. ಹೌದು, ಎಲ್ಲರದೂ ಸಿಗುತ್ತದೆ. ನಮ್ಮದು ಸಿಗುವುದಿಲ್ಲ! ಅಷ್ಟು ಕಷ್ಟಪಟ್ಟು ನಮ್ಮನ್ನು ಇಂಟರ್ನೆಟ್ಟಿಗೆ ಏರಿಸುವ ಪುಣ್ಯಾತ್ಮ ಇನ್ನೂ ಹುಟ್ಟಿಲ್ಲ.

ಶನಿವಾರ ಬೆಳಿಗ್ಗೆ ರೆಕಾರ್ಡನ್ನು ಹಾಕಿ ನೋಡಿದೆ. ಹಾಡಿಗಿಂತ ಚರಪರ ಸದ್ದೇ ಹೆಚ್ಚು. ನಲವತ್ತು ವರ್ಷದ ಧೂಳು!

"ಸೋಪಿನ ನೀರಲ್ಲಿ ಮೆತ್ತಗೆ ಒರಸು, ಸಾಕು" ಎಂದಳು ಗ್ಲೆನಿಸ್.

"ಸೋಪಾ? ಇದು ಪಂಕ್ ರಾಕ್ ಕಣೇ, ಊಟದ ತಟ್ಟೆಯಲ್ಲ! ಬಲ್ಲವರು ಇದಕ್ಕೆ ಮರಗೆಲಸದ ಬಿಳಿ ಗೋಂದು ಬಳಿತಾರೆ. ಒಣಗಿದ ಮೇಲೆ ಸುಲಿದರೆ ಗೆರೆಗೆರೆಯಲ್ಲಿರೋ ಧೂಳೆಲ್ಲ ಅದರ ಜೊತೆ ಕಿತ್ಕೊಂಡು ಬರುತ್ತೆ."

"ನೀನು ಬಲ್ಲವನಾ?"

"ವಿಡಿಯೋ ನೋಡಿದೀನಿ!"

"ನೆವ್, ಅದೊಂದೇ ಇರೋದು. ನೋಡ್ಕೋ" ಎಂದು ಹೇಳಿ ಅವಳು ನಾಳೆಯ ಹುಟ್ಟುಹಬ್ಬದ ಪಾವ್ಲೋವಾ ಕೇಕಿಗೆ ಮೊಟ್ಟೆ, ಹಣ್ಣು ತರಲು ಪೇಟೆಗೆ ಹೋದಳು.

ಗೋಂದಿನ ಉಪಾಯ ಸುಳ್ಳಲ್ಲ. ಎಷ್ಟೋ ಜನ ಮಾಡುತ್ತಾರೆ. ಆದರೆ ಅವರು ಯಾರೂ ಬ್ರಿಸ್ಬೇನಿನ ಜನವರಿಯಲ್ಲಿ ಮಾಡುವುದಿಲ್ಲ! ಇಲ್ಲಿ ಆಗ ಬೇಸಿಗೆಯೂ ಮಳೆಯೂ ಒಟ್ಟಿಗೆ, ಟವೆಲೇ ಒಣಗುವುದಿಲ್ಲ, ಇನ್ನು ಗೋಂದು ಒಣಗುತ್ತದೆಯೇ? ಗೋಂದು ಬಳಿದು ಫ್ಯಾನ್ ಹಾಕಿದೆ. ಹೇರ್ ಡ್ರೈಯರ್ ಹಿಡಿದೆ. ಬಾಯಿಂದ ಊದಿದೆ. ಗೋಂದು ನನ್ನನ್ನು ನೋಡಿ ಫಳಫಳ ಹೊಳೆಯುತ್ತಾ ಕೂತಿತ್ತು. ಅಷ್ಟರಲ್ಲಿ ಮೋಡ ಸರಿದು ಸುಡುಬಿಸಿಲು ಬಂತು. ಕೈ ಹಾಕಿದ ಮೇಲೆ ಮುಗಿಸಬೇಕಲ್ಲ! ರೆಕಾರ್ಡಿನ ನಡುವಿನ ತೂತಿಗೆ ದಾರ ಪೋಣಿಸಿ, ಹಿತ್ತಲಲ್ಲಿ ಬಟ್ಟೆ ಒಣಹಾಕುವ ತಿರುಗುಕಂಬಕ್ಕೆ ಗ್ಲೆನಿಸ್‌ಳ ನೈಟಿಯ ಪಕ್ಕ ನೇತುಹಾಕಿದೆ. ಆಮೇಲೆ ಒಳಗೆ ಬಂದು ಕ್ರಿಕೆಟ್ ನೋಡುತ್ತಾ ಕೂತೆ.

ನಮ್ಮವರು ಒಂದು ವಿಕೆಟ್ ಕಳೆದುಕೊಳ್ಳುವಷ್ಟರಲ್ಲಿ ನಾನು ರೆಕಾರ್ಡನ್ನು ಕಳೆದುಕೊಂಡಿದ್ದೆ. ಗೋಂದೇನೋ ಒಣಗಿತ್ತು, ನೀಟಾಗಿ ಸುಲಿದೂ ಬಂತು. ಆದರೆ ರೆಕಾರ್ಡು ಸೂಪ್ ಬಡಿಸುವ ಬೋಗುಣಿಯಾಗಿತ್ತು!

ಸೋಲೊಪ್ಪುವ ಜೀವವೇ ನನ್ನದು? ಬಾಗಿದ ರೆಕಾರ್ಡನ್ನು ಎರಡು ಗಾಜಿನ ನಡುವೆ ಇಟ್ಟು ಓವನ್ನಿನಲ್ಲಿ ನಸುಬಿಸಿ ಮಾಡಿದರೆ ಚಪ್ಪಟೆಯಾಗುತ್ತದೆ ಎಂದು ಇನ್ನೊಂದು ವಿಡಿಯೋ ಹೇಳಿತ್ತು. ಗೋಡೆಯ ಮೇಲಿದ್ದ ನಮ್ಮ ಮದುವೆ ಫೋಟೋದ ಗಾಜು ಬಿಚ್ಚಿದೆ. ಅದು ಸಾಲದೆ ಗ್ಲೆನಿಸ್‌ಳ ಅಜ್ಜಿಯ ಫೋಟೋದ ಗಾಜನ್ನೂ ಬಿಚ್ಚಿದೆ. ರೆಕಾರ್ಡನ್ನು ನಡುವೆ ಮಲಗಿಸಿ, ಓವನ್ನನ್ನು ಅತಿ ಸಣ್ಣ ಉರಿಗೆ ತಿರುಗಿಸಿ, ಕೈಗಂಟಿದ ಗೋಂದು ತೊಳೆಯಲು ಬಚ್ಚಲಿಗೆ ಹೋದೆ.

ಆ ಹೊತ್ತಿಗೆ ಸರಿಯಾಗಿ ಗ್ಲೆನಿಸ್ ಬಂದಳು. ಬಂದವಳೇ ಪಾವ್ಲೋವಾಗೆ ಓವನ್ ಕಾಯಲಿ ಎಂದು ಉರಿ ಏರಿಸಿ, ಮೊಟ್ಟೆಯ ಬಿಳಿ ಕಡೆಯುತ್ತಾ ನಿಂತಳು.

"ನೆವ್! ಏನಿದು ಸುಟ್ಟ ವಾಸನೆ? ಓವನ್ನಲ್ಲಿ ಏನಿಟ್ಟಿದೀಯಾ?"

ನಾನು ಸೋಪು ಬಳಿದ ಕೈಯಲ್ಲೇ ಓಡಿ ಬಂದೆ. "ಕೆಲ್ವಿನ್‌ನ!"

ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ರೆಕಾರ್ಡನ್ನು ಹೊರತೆಗೆದು ನೋಡಿದಳು. ನಡುವಿನ ಭಾಗವೇನೋ ಚಪ್ಪಟೆಯಾಗಿತ್ತು, ಆದರೆ ಗಾಜಿನಾಚೆ ಉಳಿದಿದ್ದ ಅಂಚುಗಳು ಲಂಗದ ನಿರಿಗೆಯಂತೆ ಸುರುಟಿಕೊಂಡಿದ್ದವು. ಅದನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಅಡುಗೆಮನೆಯ ನೆಲದ ಮೇಲೇ ಕೂತುಬಿಟ್ಟಳು.

"ಅವನ ಫೋನಲ್ಲಿದ್ದ ದನಿಯೂ ಅಳಿಸಿಹೋಯ್ತು. ಇದೊಂದು ಇತ್ತು" ಎಂದಳು.

ನಾನೂ ಪಕ್ಕದಲ್ಲಿ ಕೂತೆ. ನನಗೆ ಅಳು ಬಂತು. ಅವನ ದನಿ ನನಗೂ ಬೇಕಾಗಿತ್ತು ಎಂಬುದು ಆಗಲೇ ನನಗೆ ಗೊತ್ತಾದದ್ದು.

ಭಾನುವಾರ ಮಧ್ಯಾಹ್ನ ಡಲ್ಸಿಯ ಮನೆ. ಮೇಲೆ ಸೆಕೆಯೆಂದು ಕಂಬಗಳ ಕೆಳಗೇ ಕುರ್ಚಿ ಹಾಕಿದ್ದೆವು. ಹಳೇ ಡ್ರಮ್ಸ್ ಮೂಲೆಯಲ್ಲಿ ದುಪ್ಪಟಿ ಹೊದ್ದು ಕೂತಿತ್ತು. ನನ್ನ ಬೇಸನ್ನೂ ತಂದಿದ್ದೆ. ಅದನ್ನು ಹೊರಗೆ ತೆಗೆಯುವ ಮುಖ ಮಾತ್ರ ಇರಲಿಲ್ಲ.

"ಡಲ್ಸಿ, ನಾನು ರೆಕಾರ್ಡನ್ನ ಹಾಳು ಮಾಡ್ಬಿಟ್ಟೆ" ಎಂದೆ.

ಅವರು ಸುರುಟಿದ ಅಂಚಿನ ಸುತ್ತ ಬೆರಳಾಡಿಸಿದರು. "ಹಾಕಪ್ಪ. ಎಷ್ಟು ಬರುತ್ತೋ ಅಷ್ಟು ಬರ್ಲಿ."

ಅಂಚಿನ ಹಾಡುಗಳ ಮೇಲೆ ಪ್ಲೇಯರಿನ ಮುಳ್ಳು ನಿಲ್ಲಲೇ ಇಲ್ಲ. ಕುಪ್ಪಳಿಸಿ ಕುಪ್ಪಳಿಸಿ ಆಚೆ ಬೀಳುತ್ತಿತ್ತು. ನಡುವಿನ ಹತ್ತಿರದ ಕೊನೇ ಹಾಡಿಗೆ ಇಟ್ಟು, ಮುಳ್ಳಿನ ಕೋಲಿನ ಮೇಲೊಂದು ನಾಣ್ಯ ಹೇರಿದೆ. ಅಷ್ಟೇ! ಕೆಲ್ವಿನ್ ನಮ್ಮ ನಡುವೆ ಬಂದು ನಿಂತ.

"ಸುಕ್ಕಲ್ಲೇ ಹುಟ್ಟಿದೆ, ಸುಕ್ಕಲ್ಲೇ ಇರ್ತೀನಿ! ನಿನ್ನ ಇಸ್ತ್ರಿ ಪೆಟ್ಟಿಗೆ ನನಗ್ಯಾಕೋ!"

ಹಗಲೆಲ್ಲ ಬ್ಯಾಂಕಿನಲ್ಲಿ ಬಿಳಿ ಷರಟು ತೊಟ್ಟು ಕೂರುತ್ತಿದ್ದ ಹುಡುಗ ಸಂಜೆ ಬಂದು ಅರಚುತ್ತಿದ್ದ ಹಾಡು. ಡಲ್ಸಿ ಕಣ್ಣು ಮುಚ್ಚಿಕೊಂಡು ಕೇಳಿದರು. ಎರಡು ಸಾಲು ಕೇಳಿಸಿತು, ಅಷ್ಟೇ. ಮುಳ್ಳು ಕರ್ರೆಂದು ಜಾರಿ ನಡುವಿನ ಕಾಗದಕ್ಕೆ ಹೋಗಿ ನಿಂತಿತು. ಮತ್ತೆ ಇಟ್ಟೆ, ಮತ್ತೆ ಜಾರಿತು.

ಆಗ ಒಂದು ಸಣ್ಣ ದನಿ ಮೇಲೆದ್ದಿತು.

"ನಿನ್ನ ಟೈ ಬೇಡ, ನಿನ್ನ ಕಾಲರು ಬೇಡ..."

ಡಲ್ಸಿ! ಚರ್ಚಿನಲ್ಲಿ ದೇವರ ಹಾಡು ಹಾಡುವ ಅದೇ ದನಿಯಲ್ಲಿ, ಬೈಗುಳವನ್ನೂ ಬಿಡದೆ, ಸ್ಪಷ್ಟವಾಗಿ ಹಾಡುತ್ತಿದ್ದಾರೆ! ಗ್ಲೆನಿಸ್ ದುಪ್ಪಟಿ ಎಳೆದೆಸೆದು ಡ್ರಮ್ಸ್ ಹಿಂದೆ ಕೂತಳು. ನಾನು ಬೇಸ್ ಹಿಡಿದೆ. ಹಾಡು ಒಂದು ಸುತ್ತು ಮುಗಿದು ಎರಡನೆಯದು ಅರ್ಧಕ್ಕೆ ಬಂದಿತ್ತು. ಡಲ್ಸಿ ಊರುಗೋಲಿನಿಂದ ನೆಲವನ್ನು ಟಕ್ ಟಕ್ ಟಕ್ ಎಂದು ಕುಟ್ಟಿದರು.

ನಾವಿಬ್ಬರೂ ಗಪ್ಪನೆ ನಿಲ್ಲಿಸಿಬಿಟ್ಟೆವು.

"ಯಾಕ್ರೋ ನಿಲ್ಸಿದ್ರಿ?"

"ನೀನು ಕುಟ್ಟಿದ್ಯಲ್ಲಮ್ಮ!" ಎಂದಳು ಗ್ಲೆನಿಸ್. "ಆಗೆಲ್ಲ ಮೇಲಿಂದ ಪೊರಕೆ ಕೋಲಲ್ಲಿ ಕುಟ್ತಿದ್ದೆ. ಸಾಕು ನಿಲ್ಸಿ ಅಂತ."

"ನಿಲ್ಸಿ ಅಂತಾನಾ? ಅಯ್ಯೋ ಪೆದ್ದುಗಳಾ, ತಾಳ ಹಾಕ್ತಿದ್ದೆ! ಅವನ ಷರಟು ಇಸ್ತ್ರಿ ಮಾಡ್ತಾ ಕಾಯ್ತಿದ್ದೆ, ಈ ಜಾಗ ಯಾವಾಗ ಬರುತ್ತೆ ಅಂತ. ಖುಷಿಯಾಗಿ ಕುಟ್ಟಿದ್ರೆ ನೀವು ಹಾಡೇ ನಿಲ್ಸಿ ಎದ್ದು ಹೋಗ್ತಿದ್ರಿ. ನನಗಿಷ್ಟ ಇಲ್ಲ ಅಂದ್ಕೊಂಡು ರೆಕಾರ್ಡನ್ನೂ ಕೇಳಿಸ್ಲಿಲ್ಲ. ಅಷ್ಟು ವರ್ಷದಲ್ಲಿ ಇದರ ಕೊನೆ ಕೇಳೋಕೆ ನೀವು ಬಿಡ್ಲೇ ಇಲ್ಲ."

ನಾನೂ ಗ್ಲೆನಿಸ್‌ಳೂ ಮುಖ ಮುಖ ನೋಡಿಕೊಂಡೆವು. ಆ ಹಾಡಿನ ಕೊನೆ ನಮಗೆ ಗೊತ್ತಿತ್ತು.

"ನಾವು ಹಾಡ್ತೀವಿ. ನೀವು ಕುಟ್ತಾ ಇರಿ" ಎಂದೆ.

ಅವರು ಕುಟ್ಟಿದರು. ನಾವು ನಿಲ್ಲಿಸಲಿಲ್ಲ. ಅರವತ್ತು ದಾಟಿದ ಗಂಟಲು ಹರಿದುಹೋಗುವಂತೆ ಕೆಲ್ವಿನ್‌ನ ಕೊನೇ ಸಾಲು ಕಿರುಚಿದೆವು: "ಇಸ್ತ್ರಿ ಮಾಡಲ್ಲ, ಹೋಗೋ! ನಾನ್ಯಾಕೆ ಮಾಡ್ಲಿ? ನಮ್ಮಮ್ಮ ಮಾಡ್ತಾಳೆ!"

ಡಲ್ಸಿಯ ಕೋಲು ಗಾಳಿಯಲ್ಲೇ ನಿಂತಿತು. ಆಮೇಲೆ ಅವರು ನಗತೊಡಗಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಆ ನೀರು ನಿಲ್ಲದೆ ಅಳುವಾಯಿತು, ಅಳುತ್ತಲೇ ಮತ್ತೆ ನಕ್ಕರು. "ಕಳ್ಳ! ಕಳ್ಳ ನನ್ಮಗ!" ಎಂದು ಸೆರಗಿಲ್ಲದ ಗೌನಿನ ತುದಿಯಲ್ಲೇ ಮುಖ ಒರೆಸಿಕೊಂಡರು.

ನನ್ನ ಎದೆ ತುಂಬಿ ಬಂತು. ರೆಕಾರ್ಡು ಹೋದರೇನು, ಕೊಟ್ಟ ಮಾತು ಉಳಿಸಿಕೊಂಡೆನಲ್ಲ! ಬೇಸನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡು ಮೆಚ್ಚುಗೆಗೆ ಕಾದು ನಿಂತೆ.

ಡಲ್ಸಿ ಕೋಲು ಸರಿಮಾಡಿಕೊಂಡು ಹೇಳಿದರು: "ಇನ್ನೊಂದ್ಸಲ ಆಗ್ಲಿ. ಗ್ಲೆನಿಸ್, ನೀನು ಬಾರ್ಸು. ನೆವಿಲ್, ನೀನು ಮೇಲೆ ಹೋಗಿ ಚಹಾ ಮಾಡಪ್ಪ. ಹಾಗಾದ್ರೂ ನನಗೆ ತಾಳ ಸಿಕ್ಕೀತು."