ತುಟಿ ತಾಗಿಸದ ಭಾವ

ನಮ್ಮ ಭಾವನವರ ತುಟಿಗೆ ಈ ಲೋಕದ ಯಾವ ಲೋಟವೂ ತಾಗಿಲ್ಲ ಎಂದರೆ ನೀವು ನಂಬುವುದಿಲ್ಲ. ಬೇಡ, ಸಾಗರದ ಬಸ್‌ಸ್ಟ್ಯಾಂಡಿನ ಹತ್ತಿರ ಅವರು ಟೀ ಕುಡಿಯುವ ಹೋಟೆಲಿನಲ್ಲಿ ಕೇಳಿ ನೋಡಿ! ಭಾವ ಲೋಟವನ್ನು ಹಣೆಗಿಂತ ಮೇಲಕ್ಕೆ ಎತ್ತುತ್ತಾರೆ, ತಲೆ ಹಿಂದಕ್ಕೆ ಹೋಗುತ್ತದೆ, ಹೊಗೆಯಾಡುವ ಟೀ ದಾರದಂತೆ ಇಳಿದು ನೇರವಾಗಿ ಗಂಟಲು ಸೇರುತ್ತದೆ. ಮೀಸೆಗೆ ಒಂದು ಹನಿ ತಾಗುವುದಿಲ್ಲ. ಒಮ್ಮೆ ಮಾಲೀಕರು ದುಡ್ಡೇ ತೆಗೆದುಕೊಳ್ಳಲಿಲ್ಲ. "ನೀವು ಕುಡಿಯೋದನ್ನ ನೋಡ್ಲಿಕ್ಕೆ ನಿಂತೋರೆಲ್ಲ ಒಂದೊಂದು ಟೀ ತಗೊಂಡ್ರು ಗೌಡ್ರೆ, ನಾಳೆನೂ ಬನ್ನಿ" ಎಂದರು. ವ್ಯಾಪಾರಸ್ಥ ಅಂದರೆ ಹಾಗಿರಬೇಕು!

ಇದು ಮಡಿಯೋ, ಗತ್ತೋ, ಯಾರಿಗೂ ಗೊತ್ತಿರಲಿಲ್ಲ. ಮನೆಯಲ್ಲಿ ಅವರ ಹಿತ್ತಾಳೆ ಲೋಟ ಕಿಟಕಿಯ ಮೇಲೆ ಬೇರೆಯೇ ಕೂತಿರುತ್ತದೆ. ಮಕ್ಕಳು ಅದರ ಕಡೆ ಕೈ ಚಾಚಿದರೆ ಗುಡುಗುತ್ತಾರೆ. ತೊಳೆಯುವುದೂ ಅವರೇ. ತುಟಿಯೇ ತಾಗದ ಲೋಟಕ್ಕೆ ಅಷ್ಟು ಹುಣಸೆಹಣ್ಣು ತಿಕ್ಕುವುದು ಯಾಕೆ?

"ಮದುವೆಯಾಗಿ ಮೊಮ್ಮಕ್ಕಳಾದ್ರು. ಒಂದು ದಿನ ನನ್ ಲೋಟದಲ್ಲಿ ಒಂದು ಗುಟುಕು ಕುಡ್ದಿದಾರಾ ಕೇಳು ನಿನ್ ಭಾವನ್ನ!" ಎಂದು ಅಕ್ಕ ನನ್ನ ಮುಂದೆ ಎಷ್ಟೋ ಸಲ ಸಿಡುಕಿದ್ದಾಳೆ. ಕೇಳುವ ಧೈರ್ಯ ಯಾರಿಗಿತ್ತು?

ಇಂಥ ಭಾವ ನನ್ನನ್ನು ನೋಡಲು ಅರ್ಜೆಂಟೀನಾಕ್ಕೆ ಬಂದರು!

ಹೊಸನಗರದಲ್ಲಿ ಔಷಧಿ ಹೊಡೆಯುವ ಪಂಪು ರಿಪೇರಿ ಮಾಡಿಕೊಂಡಿದ್ದ ನನ್ನನ್ನು ಪಂಪಿನ ಕಂಪನಿಯೊಂದು ಅಲ್ಲಿಗೆ ಕರೆದುಕೊಂಡು ಹೋಗಿತ್ತು. ಕಂಪನಿ ಮುಚ್ಚಿತು, ನಾನು ಮುಚ್ಚಲಿಲ್ಲ. ಕೆಮ್ಮಣ್ಣಿನ ಒಂದು ಸಣ್ಣ ಪೇಟೆಯಲ್ಲಿ, ಒಬ್ಬ ಅಜ್ಜಿಯ ಮನೆಯ ಮುಂಭಾಗ ಬಾಡಿಗೆಗೆ ಹಿಡಿದು ಪಂಪಿನ ಅಂಗಡಿ ಇಟ್ಟೆ.

ಅಲ್ಲಿಯವರು ಕುಡಿಯುವುದು ಮಾತೆ. ಕೈಮುಗಿಯಬೇಡಿ, ಅದೊಂದು ಸೊಪ್ಪಿನ ಕಷಾಯ! ಅಂಗೈಯಗಲದ ಸೋರೆಬುರುಡೆಯಲ್ಲಿ ಒಣಸೊಪ್ಪು ತುಂಬಿ, ಲೋಹದ ಕೊಳವೆ ಸಿಕ್ಕಿಸಿ, ಬಿಸಿನೀರು ಹೊಯ್ಯುತ್ತಾರೆ. ಮನೆಯೊಡತಿ ಮೊದಲು ಹೀರುತ್ತಾಳೆ. ಮತ್ತೆ ನೀರು ಹೊಯ್ದು ಪಕ್ಕದವರಿಗೆ ಕೊಡುತ್ತಾಳೆ. ಅವರು ಗೊರಗೊರ ಸದ್ದು ಬರುವವರೆಗೆ ಹೀರಿ ಅವಳಿಗೇ ವಾಪಸು ಕೊಡಬೇಕು. ಮತ್ತೆ ನೀರು, ಮುಂದಿನವರು. ಎಲ್ಲರಿಗೂ ಅದೇ ಬುರುಡೆ, ಅದೇ ಕೊಳವೆ. ಒರೆಸಿದರೆ ಅವಮಾನ!

ಹೋಗುವವರಿಗೆ ಪುಕ್ಕಟೆ ಸಲಹೆ ಕೊಡುತ್ತೇನೆ. ಕೊಳವೆಯನ್ನು ಅಲ್ಲಾಡಿಸಬೇಡಿ. 'ಗ್ರಾಸಿಯಾಸ್' ಎಂದು ಧನ್ಯವಾದ ಹೇಳಲು ಅವಸರ ಮಾಡಬೇಡಿ. ಹಾಗೆಂದರೆ ಸಾಕು, ನಾನು ಈ ಸುತ್ತಿನಲ್ಲಿಲ್ಲ ಎಂದು ಲೆಕ್ಕ. ನೆಲಬೇವನ್ನು ಹೊಗೆಯಲ್ಲಿಟ್ಟು ಕುದಿಸಿದಂಥ ಆ ಕಹಿಯನ್ನು ಮೊದಲ ಸಲ ಕಷ್ಟಪಟ್ಟು ನುಂಗಿ, ಮರ್ಯಾದೆಗೆಂದು ಗ್ರಾಸಿಯಾಸ್ ಅಂದೆ. ಅಜ್ಜಿ ಆವತ್ತೆಲ್ಲ ನನ್ನನ್ನು ದಾಟಿಸಿಯೇ ಬುರುಡೆ ಕೊಟ್ಟರು. ಥ್ಯಾಂಕ್ಸ್ ಹೇಳಿ ನಷ್ಟವಾದ ವ್ಯವಹಾರ ನನ್ನ ಜೀವನದಲ್ಲಿ ಅದೊಂದೇ!

ಭಾವ ಬಂದಿಳಿದ ವಾರವೇ ನನ್ನ ಅಂಗಡಿಯ ಕರಾರು ಮುಗಿಯುವುದಿತ್ತು. ಆ ಜಾಗದಲ್ಲಿ ಮೊಬೈಲ್ ಅಂಗಡಿ ಹಾಕಲು ಅಜ್ಜಿಯ ತಮ್ಮನ ಮಗ ಹೊಂಚು ಹಾಕಿದ್ದ. ಜಾಗ ಹೋದರೆ ನನ್ನ ಅನ್ನವೂ ಹೋದ ಹಾಗೆ. "ಭಾನುವಾರ ಬಾ, ತೀರ್ಮಾನ ಹೇಳುತ್ತೇನೆ. ನಿನ್ನ ಭಾವನನ್ನೂ ಕರೆತಾ, ನಿನ್ನ ಕಡೆಯವರನ್ನು ನಾನು ನೋಡಿಯೇ ಇಲ್ಲ" ಎಂದರು ಅಜ್ಜಿ. ಭಾನುವಾರ ಎಂದರೆ ಅವರ ಹಿತ್ತಲಿನಲ್ಲಿ ಮಾತೆಯ ಸುತ್ತು ಇದ್ದದ್ದೇ!

ಶನಿವಾರ ಭಾವನ ಜೊತೆ ಚೌಕಾಸಿಗೆ ಕೂತೆ.

"ಒಂದೇ ಒಂದು ಸಲ ಬಾಯಿಗಿಡಿ ಭಾವ."

"ಎತ್ತಿ ಕುಡಿದ್ರಾತಪ್ಪ. ವಿಮಾನದಲ್ಲೂ ಹಂಗೇ ಕುಡ್ದೆ. ವಿಮಾನ ಅಲ್ಲಾಡ್ತು, ಧಾರೆ ಅಲ್ಲಾಡ್ಲಿಲ್ಲ."

"ಸೊಪ್ಪು ಮುಖದ ಮೇಲೆ ಸುರೀತದೆ!"

"ಹಂಗಾದ್ರೆ ಹೊಟ್ಟೆನೋವು ಅಂತೀನಿ."

"ಇಲ್ಲಿ ಹೊಟ್ಟೆನೋವಿಗೂ ಇದನ್ನೇ ಕುಡಿಸ್ತಾರೆ!"

"ಎಂತ ದೇಶ ಮಾರಾಯ ಇದು!" ಎಂದು ಭಾವ ಗೋಡೆಯ ಕಡೆ ತಿರುಗಿ ಮಲಗಿದರು. ಎಂಥೆಂಥ ಜಿಪುಣರ ಹತ್ತಿರ ಪಂಪು ಮಾರಿದವನು ನಾನು. ಆದರೆ ಆ ಬೆನ್ನಿನ ಹತ್ತಿರ ಯಾವ ಮಾತೂ ನಡೆಯಲಿಲ್ಲ.

ಭಾನುವಾರ ಹಿತ್ತಲಿನ ಮರದ ಕೆಳಗೆ ನಾಲ್ವರು ಕೂತೆವು. ಅಜ್ಜಿ ಹೀರಿದರು. ಬುರುಡೆ ತಮ್ಮನ ಮಗನಿಗೆ ಹೋಯಿತು. ಪುಣ್ಯಾತ್ಮ ನನ್ನನ್ನೇ ನೋಡುತ್ತ ಎಮ್ಮೆ ನೀರು ಕುಡಿದ ಹಾಗೆ ಸದ್ದು ಮಾಡಿದ. ನಂತರ ನಾನು. ಹೀರಿದೆ, ಕಹಿಯೂ ಗೊತ್ತಾಗಲಿಲ್ಲ. ಮತ್ತೆ ನೀರು ಬಿತ್ತು. ಬುರುಡೆ ಭಾವನ ಕೈಗೆ ಬಂತು.

ಭಾವ ಅದನ್ನು ಹಿಡಿದುಕೊಂಡೇ ಕೂತರು. ಎತ್ತಲೂ ಇಲ್ಲ, ಇಳಿಸಲೂ ಇಲ್ಲ. ಅಜ್ಜಿಯ ಹುಬ್ಬು ಗಂಟಿಕ್ಕಿತು. ತಮ್ಮನ ಮಗನ ಮುಖ ಅರಳಿತು.

"ಕುಡೀರಿ ಭಾವ, ದಮ್ಮಯ್ಯ" ಎಂದೆ ಪಿಸುದನಿಯಲ್ಲಿ.

"ಕುಡಿತೀನಿ. ನಾನು ಕುಡಿದ ಮೇಲೆ ಈ ಕೊಳವೆ ಬೇರೆಯೋರ ಬಾಯಿಗೆ ಹೋಗಬಾರದು ಅಂತ ಆ ಅಮ್ಮಂಗೆ ಹೇಳು."

"ಎಂತಕ್ಕೆ?"

ಭಾವ ಬುರುಡೆಯನ್ನೇ ನೋಡುತ್ತ ಹೇಳಿದರು. "ಸಣ್ಣೋನಿದ್ದಾಗ ನಂಗೆ ಕ್ಷಯ ಆಗಿತ್ತು. ಅವ್ವ ಲೋಟ ಬೇರೆ ಇಟ್ಟಿದ್ಲು. ಒಂದಿನ ತಂಗಿ ಬಾಯಾರಿ ಬಂದ್ಲು. ನಾನೇ ನನ್ ಲೋಟದಲ್ಲಿ ನೀರು ಕೊಟ್ಟೆ. ಆಮೇಲೆ ಅವಳಿಗೂ ಬಂತು. ನಾನು ಉಳ್ಕೊಂಡೆ, ಅವಳು ಉಳೀಲಿಲ್ಲ. ಅದು ಲೋಟದಿಂದ ಬರೋ ರೋಗ ಅಲ್ಲ, ನಿಂಗೆ ಪೂರಾ ವಾಸಿ ಆಗಿದೆ ಅಂತ ಡಾಕ್ಟ್ರು ಎಷ್ಟೋ ಸಲ ಹೇಳಿದ್ರು. ನಂಗೆ ಆಗಲ್ಲ ಮಾರಾಯ."

ನಾವೆಲ್ಲ ತಿಳಿದದ್ದೇನು! ಬೇರೆಯವರ ಎಂಜಲು ತನಗೆ ತಾಗಬಾರದೆಂದಲ್ಲ, ತನ್ನದು ಬೇರೆಯವರಿಗೆ ತಾಗಬಾರದೆಂದು ಈ ಮನುಷ್ಯ ಒಂದು ಆಯುಷ್ಯವಿಡೀ ಲೋಟವನ್ನು ಆಕಾಶಕ್ಕೆ ಎತ್ತಿದ್ದರು.

ಆದರೂ ನನ್ನ ವ್ಯಾಪಾರಿ ತಲೆ ಸುಮ್ಮನಿರುತ್ತದೆಯೇ? ಇವತ್ತು ಉಪವಾಸ, ಯಾವುದೋ ಹರಕೆ ಎಂದುಬಿಡಲೇ? ನಾನು ಬಾಯಿ ತೆರೆಯುವ ಮೊದಲೇ ಭಾವ ಅಂದರು: "ಇದ್ದಿದ್ದು ಇದ್ದಂಗೆ ಹೇಳು. ಇದ್ರಲ್ಲಿ ವ್ಯಾಪಾರ ಮಾಡ್ಬೇಡ."

ನನ್ನ ಹರಕು ಸ್ಪ್ಯಾನಿಷ್‌ನಲ್ಲಿ ಎಲ್ಲ ಹೇಳಿದೆ. ತಂಗಿಯ ಮಾತು ಬಂದಾಗ ಶಬ್ದ ಸಿಗದೆ ಕೈಯಲ್ಲೇ ಅಷ್ಟೆತ್ತರ ತೋರಿಸಿದೆ. ಅಂಗಡಿ ಹೋಯಿತು ಎಂದುಕೊಂಡೆ.

ಅಜ್ಜಿ ಭಾವನ ಕಡೆ ತಿರುಗಿದರು. ಕುಡಿ ಎಂದು ಕೈಸನ್ನೆ ಮಾಡಿದರು. ಭಾವ ಕಣ್ಣು ಮುಚ್ಚಿ ಕೊಳವೆಗೆ ತುಟಿಯಿಟ್ಟರು. ಕೊನೆಗೆ ಗೊರಗೊರ ಎಂದಿತು. ಅಜ್ಜಿ ಬುರುಡೆ ಇಸಿದುಕೊಂಡರು. ಅದೇ ಸೊಪ್ಪಿಗೆ ನೀರು ಹೊಯ್ದರು. ಕೊಳವೆಯನ್ನು ಒರೆಸಲಿಲ್ಲ. ಅವಸರವಿಲ್ಲದೆ ತಾವೇ ಹೀರಿ ಖಾಲಿ ಮಾಡಿದರು. ಮತ್ತೆ ತುಂಬಿ ತಮ್ಮನ ಮಗನ ಕಡೆ ಚಾಚಿದರು.

"ಗ್ರಾಸಿಯಾಸ್" ಎಂದ ಅವನು, ಕೈ ಹಿಂದಕ್ಕೆಳೆದುಕೊಂಡು.

ಅಜ್ಜಿ ಅವನನ್ನು ದಾಟಿಸಿದರು. ಬುರುಡೆ ನನಗೆ ಬಂತು. ನಾನು ಕುಡಿದೆ. ಮತ್ತೆ ಭಾವನಿಗೆ ಹೋಯಿತು. ಅಂಗಡಿ ನನಗೇ ಉಳಿಯಿತು ಎಂದು ಬೇರೆ ಹೇಳಬೇಕೆ?

ಭಾವ ಊರು ಮುಟ್ಟಿದ ಮರುದಿನ ಅಕ್ಕನ ಫೋನ್ ಬಂತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ.

"ಏಯ್, ನಿನ್ ಭಾವಂಗೆ ಅಲ್ಲಿ ಎಂತ ಕುಡಿಸಿ ಕಳಿಸಿದ್ಯೋ?"

"ಎಂತ ಆತೇ ಅಕ್ಕ?"

"ನಾನು ಅರ್ಧ ಟೀ ಕುಡಿದು ಲೋಟ ಅಲ್ಲೇ ಕಟ್ಟೆ ಮೇಲೆ ಇಟ್ಟಿದ್ನಾ. ಇವ್ರು ಬಂದ್ರು, ತಗೊಂಡ್ರು, ಬಾಯಿಟ್ಟು ಕುಡ್ದೇಬಿಟ್ರು. ಸಕ್ರೆ ಕಮ್ಮಿ ಆಯ್ತು ಅಂತ ಬೇರೆ ಹೇಳ್ತಾರೆ!"