ನೀರು ಬಿಡುವವನ ಹೆಂಡತಿಯ ಹೆರಿಗೆ

ಸೂಜಿ, ಕತ್ತರಿ ಸೋಕದ ಸಹಜ ಹೆರಿಗೆಯೇ ಆಗಬೇಕೆಂದು ಹೆಂಡತಿ ಹಟ ಹಿಡಿದಿದ್ದಳು. ಹೆರಿಗೆ ಆಸ್ಪತ್ರೆಯ ಸಿಸ್ಟರ್ ಒಪ್ಪಿದ್ದರು. ನೋವು ಶುರುವಾದಾಗ ಮನೆಯಲ್ಲೇ ಬೆಚ್ಚನೆ ನೀರಿನ ತೊಟ್ಟಿಯಲ್ಲಿ ಸ್ವಲ್ಪ ಹೊತ್ತು ಕೂರಲಿ, ಗಂಡ ಪಕ್ಕದಲ್ಲಿದ್ದು ಉಸಿರಾಟ ಹೇಳಿಕೊಡಲಿ, ಆಮೇಲೆ ಬನ್ನಿ ಎಂದಿದ್ದರು. ಮಗು ಹುಟ್ಟುವಾಗ ಅವಳ ಕೈ ಹಿಡಿದುಕೊಂಡಿರಬೇಕು ಎಂಬುದೊಂದೇ ಗಂಡನ ಆಸೆ.

ಅವನು ಊರಿಗೆ ನೀರು ಬಿಡುವವನು. ಬೀದಿ ಬೀದಿಯ ವಾಲ್ವ್ ತಿರುಗಿಸುವುದೇ ಕೆಲಸ. ಆದರೂ ನೋವು ಶುರುವಾದ ಬೆಳಿಗ್ಗೆ ಅವನ ನಲ್ಲಿಯಲ್ಲೇ ತೊಟ್ಟು ನೀರಿಲ್ಲ. ಅವತ್ತಿನ ಸರದಿ ಆಚೆ ಬೀದಿಯದು.

“ನೀರು ಬಿಡೋನ ಮನೇಲೇ ನೀರಿಲ್ವಾ? ಹೋಗಪ್ಪಾ, ನಮ್ಮ ಕಡೆ ತಿರುಗಿಸು. ಬಸುರಿಗೋಸ್ಕರ ಮಾಡಿದ್ರೆ ಯಾರು ಕೇಳ್ತಾರೆ?” ಎಂದರು ಪಕ್ಕದ ಮನೆ ದೊಡ್ಡಮ್ಮ. ಅವರ ಮನೆಯಲ್ಲಿ ವಾರದ ಬಟ್ಟೆ ಒಗೆಯದೆ ಬಿದ್ದಿತ್ತು.

ಅವನು ಓಡಿಹೋಗಿ ಆ ಬೀದಿಯದನ್ನು ಮುಚ್ಚಿ, ಈ ಬೀದಿಯದನ್ನು ಬಿಚ್ಚಿದ. ಬರುವಷ್ಟರಲ್ಲಿ ಬೀದಿಯ ತುಂಬ ಕೊಡಗಳು. ದೊಡ್ಡಮ್ಮ ಪಂಪನ್ನೇ ಹಚ್ಚಿದ್ದರು. ಅವನ ನಲ್ಲಿ ಮಾತ್ರ ಜಿಪುಣನ ಕೈಯಂತೆ ಹನಿ ಹನಿ ಬಿಟ್ಟು, ತೊಟ್ಟಿಯಲ್ಲಿ ಪಾದ ಮುಳುಗುವಷ್ಟು ನೀರಾಯಿತು. ಪಾಪ, ಹೆಂಡತಿ ಅದರಲ್ಲೇ ಕೂತಳು.

“ಉಸಿರು ಎಳ್ಕೋ... ಬಿಡು... ಎಳ್ಕೋ...”

“ಗೊತ್ತು ಕಣ್ರೀ.”

“ಬಿಡು... ಎಳ್ಕೋ...”

“ನೀವು ಬಾಯಿ ಮುಚ್ಕೊಂಡು ಗಾಡಿ ಕರೀರಿ!”

ಆಸ್ಪತ್ರೆಯಲ್ಲಿ ಅವಳ ಕೈ ಭದ್ರವಾಗಿ ಹಿಡಿದು ಅವನು ಮತ್ತೆ ಪಾಠ ಶುರು ಮಾಡಿದ. ಅಷ್ಟರಲ್ಲಿ ಸಿಸ್ಟರ್ ಖಾಲಿ ಬಕೆಟ್ ಹಿಡಿದು ಬಂದರು.

“ಇವತ್ತು ನಮ್ಮ ಬೀದಿ ಸರದಿ. ಬಂದ ನೀರು ಅರ್ಧಕ್ಕೇ ನಿಂತಿದೆ, ಟ್ಯಾಂಕಲ್ಲಿ ತಳ ಕಾಣ್ತಿದೆ. ಯಾವ ಪುಣ್ಯಾತ್ಮ ನಿಲ್ಲಿಸಿದ್ನೋ!”

ಹೆಂಡತಿ ಗಂಡನ ಮುಖ ನೋಡಿದಳು. ಗಂಡ ಸೂರು ನೋಡಿದ.

“ಹೋಗಿ, ಬಿಟ್ಟು ಬನ್ನಿ,” ಎಂದಳು.

ಅವನು ಎದ್ದೆನೋ ಬಿದ್ದೆನೋ ಎಂದು ಓಡಿದ. ವಾಲ್ವ್ ಬಳಿ ದೊಡ್ಡಮ್ಮ ಕಾವಲು ನಿಂತಿದ್ದರು. “ಇನ್ನೊಂದೇ ಬಕೆಟ್ ಬಟ್ಟೆ ಇದೆಯಪ್ಪಾ!” ಅವರ ಕೈಕಾಲು ಹಿಡಿದು, ವಾಲ್ವ್ ತಿರುಗಿಸಿ, ಏದುಸಿರು ಬಿಡುತ್ತಾ ವಾಪಸಾದಾಗ ಆಸ್ಪತ್ರೆಯ ನಲ್ಲಿಗಳೆಲ್ಲ ಭೋರ್ಗರೆಯುತ್ತಿದ್ದವು. ಅವಕ್ಕಿಂತ ಜೋರಾಗಿ ಮಗಳು ಅಳುತ್ತಿದ್ದಳು. ಅವನಿಗೂ ಅಳು ಬಂತು.

“ನಾನಿಲ್ದೆ ತುಂಬ ಕಷ್ಟಪಟ್ಲಾ, ಸಿಸ್ಟರ್?”

“ಏನಿಲ್ಲ. ನೀವು ಬಾಗಿಲು ದಾಟಿದ್ದೇ ತಡ, ಹೂ ಎತ್ತಿದ ಹಾಗೆ ಆಯ್ತು.”

ಹೆಂಡತಿ ಹೌದೆಂದು ತಲೆ ಆಡಿಸಿದಳು. ಅವನು ಮಗುವಿಗೆ ಕೈ ಚಾಚಿದ. ಸಿಸ್ಟರ್ ಅಡ್ಡ ನಿಂತರು.

“ಕೂತ್ಕೋಬೇಡಿ. ಪಕ್ಕದ ರೂಮಲ್ಲಿ ಇನ್ನೊಬ್ರಿಗೆ ನೋವು ಶುರುವಾಗಿದೆ. ಅವರ ಗಂಡನ್ನೂ ಒಂದ್ಸಲ ವಾಲ್ವ್ ಹತ್ರ ಕರ್ಕೊಂಡು ಹೋಗಿ.”