ಒಂಟಿ ಸೀನು, ಜೋಡಿ ಮೆಮೊರಿ

ಭಾನುವಾರ ಬೆಳಿಗ್ಗೆ ಎಂಟೂವರೆಗೆ ಸೀನು ಒಂದು ಸಲ ಸೀನಿದ. ಅದೇ ಕ್ಷಣಕ್ಕೆ ಅವನ ಕಂಪ್ಯೂಟರು ನಿಂತುಹೋಯಿತು.

ಕೆಳಗಿನಿಂದ ಮನೆಯ ಓನರ್ ಕಮಲಾದೇವಿಯವರ ದನಿ ಬಂತು. "ಒಂಟಿ ಸೀನು ಸೀನ್ಬೇಡ ಕಣೋ ಸೀನು. ಇನ್ನೊಂದು ಸೀನ್ಬಿಡು. ನಾನು ತರಕಾರಿಗೆ ಹೊರಟಿದೀನಿ."

ಇನ್ನೊಂದು ಬರಲಿಲ್ಲ. ಕಮಲಾದೇವಿ ಚೀಲ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತರು. ಬನಶಂಕರಿ ಎರಡನೇ ಸ್ಟೇಜಿನ ಆ ಮನೆಯಲ್ಲಿ ಇದು ಕಾನೂನು. ಯಾರಾದರೂ ಒಂದೇ ಸಲ ಸೀನಿದರೆ ಹೊರಟವರು ಐದು ನಿಮಿಷ ಕೂತು ಹೋಗಬೇಕು, ಎರಡು ಸೀನಿದರೆ ದೋಷವಿಲ್ಲ. ಮಹಡಿ ಕೋಣೆಯ ಬಾಡಿಗೆದಾರನಿಗೆ ಧೂಳು ಆಗದು, ಹೆಸರೂ ಅದೇ, ಮೇಲಾಗಿ ಮದುವೆಯಿಲ್ಲ. ಹೀಗಾಗಿ ಇಡೀ ಬೀದಿಗೆ ಅವನು ಒಂಟಿ ಸೀನು. ಆ ಹೆಸರು ಕಳೆದುಕೊಳ್ಳುವುದಕ್ಕೆಂದೇ ಅವನು ಇವತ್ತಿನ ಸಂಜೆಯನ್ನು ಗುರುತು ಮಾಡಿಟ್ಟುಕೊಂಡಿದ್ದ.

ಸಂಜೆ ಐದಕ್ಕೆ ಶುಭಾ ಬರುವವಳಿದ್ದಳು. ಆಫೀಸಿನಲ್ಲಿ ಪಕ್ಕದ ಮೇಜಿನವಳು. ಅವಳ ಅಜ್ಜಿ ಅಮ್ಮಣ್ಣಿ ಹಾಡಿದ ಹಸೆ ಹಾಡುಗಳ ಹಳೆಯ ಕ್ಯಾಸೆಟ್ಟೊಂದಿತ್ತು. ಅದರ ಕೊರಕೊರ ಶಬ್ದ ತೆಗೆದು ಸಿಡಿ ಮಾಡಿಕೊಡುವುದಾಗಿ ಸೀನು ಒಪ್ಪಿಕೊಂಡಿದ್ದ. ಮದುವೆಯ ಹಾಡುಗಳನ್ನೇ ತಂದು ತನ್ನ ಕೈಗೆ ಕೊಟ್ಟಿದ್ದಾಳೆಂದರೆ ಅದಕ್ಕೇನಾದರೂ ಅರ್ಥವಿರಲೇಬೇಕು ಎಂದು ಅವನ ಎಣಿಕೆ. ಸಿಡಿ ಕೊಟ್ಟು, ಕಾಫಿ ಕೊಟ್ಟು, ಕೇಳಬೇಕಾದ್ದನ್ನು ಕೇಳಿಯೇಬಿಡುವುದು. ಯಾರ ಹತ್ತಿರವೂ ಅವನು ಬಾಯಿ ಬಿಟ್ಟಿರಲಿಲ್ಲ.

ಅಡ್ಡಿಯಾಗಿದ್ದದ್ದು ಕಂಪ್ಯೂಟರು. ಕಂಪನಿಯವರು ಗೊತ್ತು ಮಾಡಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡುವಂತೆ ಸೀನು ಅದನ್ನು ಓವರ್‌ಕ್ಲಾಕ್ ಮಾಡಿದ್ದ. ಬಿಸಿ ತಡೆಯಲಾರದೆ ಪೆಟ್ಟಿಗೆಯ ಒಂದು ಬದಿ ಬಿಚ್ಚಿ ಟೇಬಲ್ ಫ್ಯಾನನ್ನು ಅದರ ಹೊಟ್ಟೆಗೆ ತಿರುಗಿಸಿಟ್ಟಿದ್ದ. ಒಲೆಯ ಮುಂದಿನಿಂದ ಎದ್ದುಬಂದು ಅಂಗಿ ಬಿಚ್ಚಿ ಕೂತ ಅಡುಗೆಭಟ್ಟನ ಹಾಗೆ ಅದು ಸದಾ ಗಾಳಿ ಹಾಕಿಸಿಕೊಳ್ಳುತ್ತಿತ್ತು. ಸಿಡಿ ಬರೆಯಲು ಹೊರಟರೆ ಮಾತ್ರ ಅರ್ಧದಲ್ಲಿ ಕಣ್ಣು ಮೇಲೆ ಮಾಡುತ್ತಿತ್ತು. ಹಾಗೆ ಕೆಟ್ಟ ಏಳು ಸಿಡಿಗಳನ್ನು ಕಮಲಾದೇವಿ ಅಳಿಲು ಬಾರದಿರಲೆಂದು ದಾಳಿಂಬೆ ಗಿಡಕ್ಕೆ ಕಟ್ಟಿದ್ದರು. ಇವತ್ತು ಬೆಳಿಗ್ಗೆ ಕೆಟ್ಟದ್ದು ಎಂಟನೆಯದು.

ಸೀನು ತನ್ನ ಗೆಳೆಯ ಶ್ರೀಕರನಿಗೆ ಫೋನು ಮಾಡಿದ. ಶ್ರೀಕರ್‌ಗೆ ಬಿಟಿಎಂ ಲೇಔಟಿನ ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸ. ಟೇಪ್ ರೆಕಾರ್ಡರಿಗೂ ಕಂಪ್ಯೂಟರಿಗೂ ನಡುವೆ ಹಾಕುವ ವೈರಿಗಾಗಿ ಶುಭಾಳನ್ನು ಸೀನು ಅವನ ಬಳಿಗೇ ಕಳಿಸಿದ್ದ. ಅಷ್ಟೆಲ್ಲ ತಿಳಿದವನು ಮೂರು ಸಲ ತಪ್ಪು ವೈರು ಕೊಟ್ಟಿದ್ದರಿಂದ, ಪಾಪ, ಅವಳು ನಾಲ್ಕು ಸಲ ಓಡಾಡಿದ್ದಳು.

"ಮೆಮೊರಿ ಸಾಲ್ತಿಲ್ಲ ಮಗಾ," ಎಂದ ಶ್ರೀಕರ್. "ಹಳೇದು ಕಿತ್ತಾಕಿ ಹೊಸದು ಹಾಕು."

"ದೊಡ್ಡದು ಒಂದಾ, ಚಿಕ್ಕದು ಎರಡಾ?"

"ಎರಡಿದ್ರೆ ಸ್ಪೀಡು. ಆದ್ರೆ ನೀನು ಓಡಿಸೋ ಓಟಕ್ಕೆ ಎರಡೂ ಹೊಂದ್ಕೋಬೇಕಲ್ಲ? ಒಂದೇ ಸಾಕು, ತಲೆನೋವಿರಲ್ಲ. ಇಲ್ಲಾಂದ್ರೆ ಸ್ಪೀಡ್ ಇಳಿಸಿ ನಾರ್ಮಲ್ ಮಾಡ್ಕೋ. ನಿಧಾನ ಆಗುತ್ತೆ, ಆದ್ರೆ ಆಗುತ್ತೆ."

"ನಾರ್ಮಲ್ಲಾ? ಇಂಥ ಮೆಷಿನ್ ಜಯನಗರದಲ್ಲೂ ಇಲ್ಲ ಅಂತ ಶುಭಾಗೆ ಹೇಳಿದೀನಿ ಗುರು."

"ಏನಾದ್ರೂ ಮಾಡ್ಕೋ. ಐದು ಗಂಟೆಗೆ ಸಿಡಿ ಮಾತ್ರ ರೆಡಿ ಇರ್ಲಿ."

ತನಗಿಂತ ಗೆಳೆಯನಿಗೇ ಹೆಚ್ಚು ಆತುರವಿರುವುದನ್ನು ಕಂಡು ಸೀನುವಿಗೆ ಎದೆ ತುಂಬಿ ಬಂತು.

ಕಮಲಾದೇವಿ ಇನ್ನೂ ಮೆಟ್ಟಿಲ ಮೇಲೇ ಇದ್ದರು. "ಏನು ತರಕ್ಕೆ ಹೊರಟೆ?"

"ಮೆಮೊರಿ ಆಂಟಿ."

"ತಗೊಂಡ್ಬಾ. ದಿನಾ ಮೋಟರ್ ಆಫ್ ಮಾಡೋದು ಮರೀತೀಯ."

"ನಂಗಲ್ಲ ಆಂಟಿ, ಕಂಪ್ಯೂಟರಿಗೆ. ಒಂದು ತರೋದಾ ಎರಡಾ ಅಂತ ಯೋಚನೆ."

"ಅದರಲ್ಲಿ ಯೋಚನೆ ಏನು? ತಾಂಬೂಲಕ್ಕೆ ಒಂದೇ ಎಲೆ ಇಡ್ತಾರಾ? ಒಂಟಿ ಬಾಳೆಹಣ್ಣು ಕೈಗೆ ಕೊಡ್ತಾರಾ? ಸಂಜೆ ಮನೆಗೆ ಹೆಣ್ಣುಮಗಳು ಬರ್ತಾಳೆ ಅಂತೀಯ, ಒಂಟಿ ವಸ್ತು ತಂದು ಕೂರ್ತೀಯಾ? ಜೋಡಿ ತಾ. ನೀನೂ ಜೋಡಿಯಾಗ್ತೀಯ."

ಶ್ರೀಕರನ ವಿಜ್ಞಾನ ಅಲ್ಲಿಗೆ ಸೋತಿತು.

ಅಂಗಡಿಯಲ್ಲಿ ಶ್ರೀಕರ್ ಇರಲಿಲ್ಲ. ಮಾಲೀಕ ಪಿಳ್ಳಣ್ಣ ಒಬ್ಬನೇ ಇದ್ದ. "ರಜಾ ಸಾರ್ ಅವ್ರು ಇವತ್ತು. ಹೊಸ ಷರ್ಟ್ ತಗೋಬೇಕು ಅಂತಿದ್ರು."

"ಚಿಕ್ಕದು ಎರಡು ಮೆಮೊರಿ ಕೊಡಿ."

"ದೊಡ್ಡದು ಒಂದು ತಗೊಳಿ ಸಾರ್, ವಾಸಿ."

"ಒಂಟಿ ಬೇಡ."

ಪಿಳ್ಳಣ್ಣ ಅವನನ್ನು ಮೇಲಿಂದ ಕೆಳಗೆ ನೋಡಿ, ಬಾಚಣಿಗೆಯಂಥ ಎರಡು ಪಟ್ಟಿಗಳನ್ನು ಕವರಿಗೆ ಹಾಕಿದ. "ಕಲೆಗಿಲೆ ಆದ್ರೆ ವಾಪಸ್ ಇಲ್ಲ, ನೋಡಿ."

ಮನೆಗೆ ಬಂದವನು ಕವರನ್ನು ಕಮಲಾದೇವಿಯ ಕೈಗೆ ಕೊಟ್ಟು ಕಾಫಿಗೆ ಹಾಲು ತರಲು ಓಡಿದ. ಅದು ಅವನ ತಪ್ಪು. ಹಿಂತಿರುಗಿದಾಗ ಎರಡೂ ಮೆಮೊರಿಗಳು ದೇವರ ಮುಂದೆ ತಟ್ಟೆಯಲ್ಲಿ ಹೊಸ ದಂಪತಿಗಳ ಹಾಗೆ ಕೂತಿದ್ದವು, ಮೈತುಂಬ ಅರಿಶಿನ ಕುಂಕುಮ.

"ಹೊಸ ವಸ್ತು ಹಂಗೇ ಉಪಯೋಗಿಸ್ಬಾರ್ದು," ಎಂದರು ಕಮಲಾದೇವಿ. "ಕೆಳಗಡೆ ಬಂಗಾರದ ಹಲ್ಲಿದ್ವಲ್ಲ, ಅಲ್ಲಿಗೇ ಚೆನ್ನಾಗಿ ಹಚ್ಚಿದೀನಿ."

ಕರೆಂಟು ಹರಿಯಬೇಕಾದದ್ದು ಆ ಹಲ್ಲುಗಳಲ್ಲೇ. ಸೀನು ಪೆನ್ಸಿಲ್ ರಬ್ಬರು ಹಿಡಿದು ಒಂದೊಂದೇ ಹಲ್ಲು ಉಜ್ಜುತ್ತ ಕೂತ. ಮಧ್ಯಾಹ್ನದ ಊಟ ಅದರಲ್ಲೇ ಹೋಯಿತು. ಎರಡನ್ನೂ ಸಿಕ್ಕಿಸಿ ಗುಂಡಿ ಒತ್ತಿದರೆ ಕಂಪ್ಯೂಟರು ಮೂರು ಸಲ ಕೀ ಎಂದಿತು. ಮತ್ತೆ ಉಜ್ಜಿದ. ಈ ಸಲ ಪರದೆ ಬೆಳಗಿತು, ಹಾಡು ಶುದ್ಧವಾಯಿತು, ಸಿಡಿ ತಿರುಗತೊಡಗಿತು. ನೂರಕ್ಕೆ ಅರವತ್ತು ಭಾಗ ಮುಗಿದಾಗ ಎಲ್ಲವೂ ನಿಂತಿತು. ಒಂಬತ್ತನೆಯ ಸಿಡಿ ದಾಳಿಂಬೆ ಗಿಡಕ್ಕೆ ಹೋಯಿತು.

ಗಂಟೆ ನಾಲ್ಕಾಗಿತ್ತು. ಸೀನು ಕೆಳಗೆ ಕಮಲಾದೇವಿ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಮೆಲ್ಲಗೆ ಒಂದು ಮೆಮೊರಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಉಳಿದ ಒಂದರ ಮೇಲೆ ಕಂಪ್ಯೂಟರು ಮೊಂಡುತನ ಬಿಟ್ಟ ಹಸುವಿನ ಹಾಗೆ ನಡೆಯಿತು. ಐದಕ್ಕೆ ಹತ್ತು ನಿಮಿಷವಿದೆ ಎನ್ನುವಾಗ ಸಿಡಿ ಹೊರಬಂತು, ಕಾವಲಿಯಿಂದ ಎತ್ತಿದ ದೋಸೆಯಷ್ಟು ಬಿಸಿಯಾಗಿ.

ಶುಭಾ ಹೇಳಿದ ಹೊತ್ತಿಗೇ ಬಂದಳು. ರೇಷ್ಮೆ ಸೀರೆ, ಮುಡಿಯಲ್ಲಿ ಮಲ್ಲಿಗೆ. ಸೀನು ಸಿಡಿ ಹಾಕಿದ. ಹಸೆಗೆ ಕರೆಯುವ ಅಜ್ಜಿಯ ದನಿ ಕೋಣೆಯಲ್ಲಿ ತುಂಬಿತು. ಶುಭಾ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು.

"ಎಷ್ಟು ಚೆನ್ನಾಗಿ ಬಂದಿದೆ ಸೀನು. ನಿಧಾನ ಆದ್ರೂ ಪರ್ವಾಗಿಲ್ಲ ಅಂದಿದ್ದೆ, ನೀವು ಕೇಳ್ಬೇಕಲ್ಲ."

ಸೀನು ಕಾಫಿ ಲೋಟ ಅವಳ ಮುಂದಿಟ್ಟ. "ಶುಭಾ, ಒಂದು ಮಾತು ಕೇಳ್ಬೇಕಿತ್ತು."

"ನಾನೂ ಒಂದು ಕೇಳ್ಬೇಕಿತ್ತು. ಒಂದೇ ಸಿಡಿ ಮಾಡಿದೀರಾ? ಎರಡು ಬೇಕಾಗಿತ್ತಲ್ಲ."

"ಒಂದು ಸಾಲಲ್ವಾ?"

"ನಮ್ಮನೇಗೆ ಒಂದು, ಅವರ ಮನೇಗೆ ಒಂದು. ಮುಂದಿನ ಭಾನುವಾರ ನಿಶ್ಚಿತಾರ್ಥಕ್ಕೆ ಎರಡು ಕಡೆಯೋರೂ ಈ ಹಾಡು ಕಲ್ತಿರ್ಬೇಕಂತೆ. ನಮ್ಮಜ್ಜಿ ಹಟ."

"ಅವರು ಅಂದ್ರೆ?"

ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ಹೊಸ ಷರ್ಟು ತೊಟ್ಟ ಶ್ರೀಕರ್ ಒಳಗೆ ಬಂದು ಪೆಟ್ಟಿಗೆಯ ಬಿಚ್ಚಿದ ಬದಿಯಿಂದ ಇಣುಕಿದ. ಕಾಲರಿನ ಹಿಂದೆ ಅಂಗಡಿಯ ಚೀಟಿ ಇನ್ನೂ ನೇತಾಡುತ್ತಿತ್ತು. "ಆಯ್ತಾ ಮಗಾ? ಸಖತ್. ನಾನು ಹೇಳ್ಲಿಲ್ವಾ ಒಂದೇ ಸಾಕು ಅಂತ? ನಿಂಗೆ ಸರ್ಪ್ರೈಸ್ ಕೊಡೋಣ ಅಂತ ಇಬ್ರೂ ಬಾಯ್ಮುಚ್ಕೊಂಡಿದ್ವಿ. ನೀನು ಇವಳನ್ನ ಕಳಿಸ್ದೇ ಇದ್ದಿದ್ರೆ ಇದೆಲ್ಲ ಎಲ್ಲಾಗ್ತಿತ್ತು?"

"ಮೂರನೇ ಸಲ ತಪ್ಪು ವೈರ್ ಕೊಟ್ಟಾಗ್ಲೇ ನಂಗೆ ಡೌಟ್ ಬಂತು," ಎಂದು ಶುಭಾ ನಕ್ಕಳು.

ಎರಡನೆಯ ಸಿಡಿಯನ್ನು ಕಂಪ್ಯೂಟರು ಎಂಟೇ ನಿಮಿಷದಲ್ಲಿ ಬರೆದುಕೊಟ್ಟಿತು. ಒಮ್ಮೆಯೂ ನಿಲ್ಲಲಿಲ್ಲ. ಸೀನು ನಡುನಡುವೆ ಅದನ್ನು ಆಸೆಯಿಂದ ನೋಡಿದ, ಆದರೂ ನಿಲ್ಲಲಿಲ್ಲ.

ಇಬ್ಬರೂ ಹೊರಡಲು ಎದ್ದರು. ಫ್ಯಾನಿನ ಗಾಳಿಗೆ ಪೆಟ್ಟಿಗೆಯ ಧೂಳು ಎದ್ದಿತು. ಸೀನು ಸೀನಿದ. ಒಂದು ಸಲ.

"ಒಂಟಿ ಸೀನು," ಎಂದು ಕೆಳಗಿನಿಂದ ದನಿ ಬಂತು. "ಹೊರಟಿರೋರು ಐದು ನಿಮಿಷ ಕೂತು ಹೋಗಿ. ಶುಭಕಾರ್ಯದ ವಿಷಯ."

ಕೋಣೆಯಲ್ಲಿದ್ದ ಒಂದೇ ಮಂಚದ ಮೇಲೆ ಅವರಿಬ್ಬರೂ ವಿಧೇಯರಾಗಿ, ಒತ್ತಿಕೊಂಡು ಕೂತರು.

"ಹೆಂಗೂ ಕೂತಿದೀವಿ. ಇನ್ನೊಂದೊಂದು ಕಾಫಿ ಹಾಕು ಮಗಾ," ಎಂದ ಶ್ರೀಕರ್.

"ಪಾಪ, ಅವರಿಗ್ಯಾಕೆ ತೊಂದ್ರೆ?" ಎಂದಳು ಶುಭಾ. "ಇನ್ನೊಂದು ಸೀನ್ಬಿಡಿ ಸೀನು, ಹೊರಡ್ತೀವಿ."

ಸೀನು ಮೂಗನ್ನು ಫ್ಯಾನಿಗೆ ಒಡ್ಡಿದ. ಜೇಬಿನಿಂದ ಕುಂಕುಮ ಮೆತ್ತಿದ ಮೆಮೊರಿಯನ್ನು ತೆಗೆದು, ಕಣ್ಣು ಮುಚ್ಚಿ, ಎದೆ ತುಂಬ ಮೂಸಿ ನೋಡಿದ.

ಎರಡನೆಯದು ಬರಲಿಲ್ಲ.